ಪದಚರ್ಚೆ: ‘ಮನೆ’ ಸಾಕೇ, ‘ಮನೆತನ’ ಬೇಕೇ?

ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ ಬರೆದು 1839ರಲ್ಲಿ ಪ್ರಕಟವಾದ ಅಶರ್ ವಂಶದ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅನುವಾದ ಮುಗಿದಿದೆ, ಹೆಸರು ಮಾತ್ರ ಕೂತಿಲ್ಲ. ಮೂಲದ ಹೆಸರು ‘ದ ಫಾಲ್ ಆಫ್ ದ ಹೌಸ್ ಆಫ್ ಅಶರ್’. ಅದರಲ್ಲಿರುವ ‘ಹೌಸ್’ ಕಟ್ಟಡವೂ ಹೌದು, ವಂಶವೂ ಹೌದು. ಆ ವಂಶ ಕವಲೊಡೆಯದೆ ಅಪ್ಪನಿಂದ ಮಗನಿಗೆ ಇಳಿದು ಬಂದದ್ದು, ಮನೆಯೂ ಹಾಗೆಯೇ. ಅದಕ್ಕೇ ಸುತ್ತಲ ರೈತರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ಕೊನೆಗೆ ಉಳಿದವರು ಅವಳಿಗಳಾದ ರೋಡರಿಕ್, ಮ್ಯಾಡಲೀನ್. ಅವರು ಸತ್ತ ರಾತ್ರಿಯೇ, ಮಾಡಿನಿಂದ ಅಂಕುಡೊಂಕಾಗಿ ಇಳಿದಿದ್ದ ಬಿರುಕು ಅಗಲವಾಗಿ, ಮನೆ ಪಕ್ಕದ ಕೊಳದೊಳಗೆ ಹೋಗಿಬಿಡುತ್ತದೆ.

‘ಮನೆತನ’ ಅಂದರೆ ಗೋಡೆ ಕಾಣುವುದಿಲ್ಲ. ‘ಬಂಗಲೆ’ ಅಂದರೆ ಗೋಡೆಯಷ್ಟೇ ಕಾಣುತ್ತದೆ. ಉತ್ತರ ಕರ್ನಾಟಕದ ‘ವಾಡೆ’ ಒಳ್ಳೆಯ ಪದ, ಆದರೆ ಓದಿದೊಡನೆ ದೇಸಗತಿಯ, ಅಂದರೆ ದೇಸಾಯಿಗಳ ದೊಡ್ಡ ಮನೆ, ದರ್ಬಾರಿನ ನೆನಪಾಗುತ್ತದೆ.

ಹೋದ ವಾರ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ, ಬೀಗ ಹಾಕಿದ ಹಳೆಯ ಹೆಂಚಿನ ಮನೆಯ ಮುಂದೆ ನಿಂತಿದ್ದೆ. ಜಗಲಿಯ ಗೋಡೆಯ ಬಿರುಕಿನಲ್ಲಿ ಮೊಣಕಾಲೆತ್ತರದ ಎಕ್ಕದ ಗಿಡ. ಯಾರೋ ಎಲೆ ಕಿತ್ತ ಕಡೆ ಬಿಳಿ ಹಾಲು ಜಿನುಗಿ ಗೋಡೆಯ ಸುಣ್ಣದ ಮೇಲೆ ಇಳಿದಿತ್ತು. ಸಿಟ್ಟು ಬಂದಾಗ ನಮ್ಮಜ್ಜಿ ಅನ್ನುತ್ತಿದ್ದ ‘ನಿನ್ನ ಮನೆ ಎಕ್ಕುಟ್ಟೋಗ’ ಆಗ ಕಣ್ಣಿಗೆ ಕಂಡಿತು. ಎಕ್ಕ ಹುಟ್ಟಿ ಹೋಗಲಿ ಅಂತ. ಗಿಡ ಹುಟ್ಟುವುದು ಗೋಡೆಯಲ್ಲಿ, ಶಾಪ ಮಾತ್ರ ಸಂತಾನಕ್ಕೆ. ‘ಮನೆಹಾಳ’ ಎಂದು ಬಯ್ಯುವಾಗಲೂ ಅದು ಹೆಂಚು ಜಂತೆಯ ಮಾತಲ್ಲ.

ಅಂದಮೇಲೆ ನಮ್ಮ ‘ಮನೆ’ಗೇ ಎರಡೂ ಅರ್ಥ ಇವೆ, ಯಾವುದು ಮೇಲೆ ಬರಬೇಕೆಂದು ತೀರ್ಮಾನಿಸುವುದು ಕ್ರಿಯಾಪದ. ‘ಮನೆ ಬಿತ್ತು’ ಅಂದರೆ ಮಳೆಗೆ ಬಿದ್ದ ಮನೆ. ‘ಮನೆ ಹಾಳಾಯಿತು’ ಅಂದರೆ ಹೆಚ್ಚಾಗಿ ಸಂಸಾರ. ‘ಮನೆ ಮುಳುಗಿತು’ ಅಂದಾಗ ಎರಡೂ ಒಟ್ಟಿಗೆ ಬರುತ್ತವೆ, ಈ ಕತೆಯಲ್ಲಂತೂ ಕೊಳದ ನೀರೂ ಸೇರಿ.

ಹಾಗಾಗಿ ‘ಅಶರ್ ಮನೆ ಮುಳುಗಿದ್ದು’ ಎಂದು ಬರೆದಿಟ್ಟಿದ್ದೇನೆ. ಒಂದೇ ಅಳುಕು. ನಮ್ಮ ಬೆಂಗಳೂರಿನ ಮಾತಲ್ಲಿ ‘ಈಗೇನು ಮನೆ ಮುಳುಗೋಯ್ತು?’ ಅನ್ನುವುದು ಹಾಲು ತರಲು ತಡವಾದರೂ ಬಂದು ಬಂದು ಸವೆದಿದೆ. ‘ಮುಳುಗು’ ನಿಮ್ಮ ಕಿವಿಗೆ ಇನ್ನೂ ಭಯ ತರುತ್ತದೆಯೇ? ವಂಶ ನಿಂತುಹೋದ ಮನೆಗೆ ನಮ್ಮ ಹಿರಿಯರು ‘ದೀಪ ಹಚ್ಚೋರಿಲ್ಲದ ಮನೆ’ ಅನ್ನುತ್ತಿದ್ದರು. ಹೆಸರಿಗೆ ಅದು ಉದ್ದವಾಯಿತು. ನಿಮ್ಮ ಕಡೆ ಇದಕ್ಕಿಂತ ಚಿಕ್ಕ ಮಾತು ಬಳಕೆಯಲ್ಲಿದ್ದರೆ, ಯಾವ ಊರಿನದೆಂದೂ ಸೇರಿಸಿ ದಯವಿಟ್ಟು ತಿಳಿಸಿ.