ಪದಚರ್ಚೆ: ‘ಡಿವಲ್ಯೂಶನ್’ ಎಂಬುದಕ್ಕೆ ‘ವಿಕೇಂದ್ರೀಕರಣ’ ಸಾಕೇ?

ಮಾನ್ಯರೇ,

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಡಳಿತವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡಿವಲ್ಯೂಶನ್’, ‘ಡೆಲಿಗೇಶನ್’, ‘ಡೀಸೆಂಟ್ರಲೈಸೇಶನ್’ ಎಂಬ ಮೂರು ಮಾತುಗಳು ಅದರ ಒಂದೇ ಪುಟದಲ್ಲಿ ಬರುತ್ತವೆ. ನಾವು ಸಾಮಾನ್ಯವಾಗಿ ಮೂರಕ್ಕೂ ‘ಅಧಿಕಾರ ವಿಕೇಂದ್ರೀಕರಣ’ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಮೊದಲ ಕರಡಿನಲ್ಲಿ ನಾನೂ ಹಾಗೆಯೇ ಮಾಡಿದ್ದೆ. ತಿರುಗಿ ಓದಿದಾಗ ಲೇಖನದ ವಾದವೇ ಅದರಲ್ಲಿ ಉಳಿದಿರಲಿಲ್ಲ.

1948ರ ಜುಲೈ 5ರಂದು ಆರಂಭವಾದ ಆ ಸೇವೆ ನಮಗೆ ದೂರದಿಂದ ಒಂದೇ ಇಲಾಖೆಯಂತೆ ಕಾಣುತ್ತದೆ. ಆದರೆ ಸ್ಕಾಟ್ಲೆಂಡಿಗೆ ಆರಂಭದಲ್ಲಿಯೇ 1947ರ ಪ್ರತ್ಯೇಕ ಕಾಯ್ದೆಯಿತ್ತು. 1999ರಿಂದೀಚೆಗೆ ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಆರೋಗ್ಯ ಸೇವೆಯ ವಿಷಯ ಅಲ್ಲಲ್ಲಿನ ಚುನಾಯಿತ ಸಭೆಗಳ ಕೈಗೆ ಬಂದಿದೆ. ಅದು ಹೆಸರಿಗಷ್ಟೇ ಬಂದ ಅಧಿಕಾರವಲ್ಲ ಎಂಬುದಕ್ಕೆ ಔಷಧ ಚೀಟಿಯ ಶುಲ್ಕವೇ ಸಾಕ್ಷಿ: ಅದನ್ನು ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ರದ್ದುಪಡಿಸಿದವು, ಇಂಗ್ಲೆಂಡ್ ಉಳಿಸಿಕೊಂಡಿತು. ಹಾಗಿದ್ದರೂ 2002ರಿಂದ 2007ರವರೆಗೆ ಉತ್ತರ ಐರ್ಲೆಂಡಿನ ಸಭೆ ಅಮಾನತಿನಲ್ಲಿದ್ದಾಗ ಅಲ್ಲಿನ ಆಡಳಿತವನ್ನು ಲಂಡನ್ನಿನ ಸಚಿವರೇ ನೋಡಿಕೊಂಡರು. ಅಧಿಕಾರ ಕೊಟ್ಟ ಲಂಡನ್ನಿನವರು ದಿನನಿತ್ಯ ತಲೆಹಾಕುವುದಿಲ್ಲ. ಆದರೆ ಕಾನೂನಿನ ಬೇರು ಅವರಲ್ಲಿಯೇ ಉಳಿದಿರುತ್ತದೆ. ‘ಡಿವಲ್ಯೂಶನ್’ ಎನ್ನುವುದು ಇದನ್ನು.

‘ಡೆಲಿಗೇಶನ್’ ಬೇರೆ. ಇಂಗ್ಲೆಂಡಿನೊಳಗೆ 2022ರ ಜುಲೈಯಲ್ಲಿ ಆಯಾ ಪ್ರದೇಶದ ಆರೋಗ್ಯ ಸೇವೆಯನ್ನು ನೋಡಿಕೊಳ್ಳುವ 42 ಸಮಗ್ರ ಆರೈಕೆ ಮಂಡಳಿಗಳು ಸ್ಥಾಪನೆಯಾದವು. ದಂತ ಚಿಕಿತ್ಸೆ, ಔಷಧಾಲಯ, ಕಣ್ಣಿನ ತಪಾಸಣೆಗಳ ವ್ಯವಸ್ಥೆ ಮಾಡುವ ಹೊಣೆಯನ್ನು 2023ರ ಏಪ್ರಿಲ್ ವೇಳೆಗೆ ಕೇಂದ್ರ ಸಂಸ್ಥೆಯು ಅವುಗಳಿಗೆ ವಹಿಸಿತು. ಕೆಲಸ ಇವರದು, ಕೊನೆಯ ಜವಾಬು ಮಾತ್ರ ವಹಿಸಿದವರದು. ಇದಕ್ಕೆ ನಮ್ಮ ಸರ್ಕಾರಿ ಆದೇಶಗಳಲ್ಲಿ ‘ಪ್ರತ್ಯಾಯೋಜನೆ’ ಎಂಬ ಪದ ಚಲಾವಣೆಯಲ್ಲಿದೆ. ನಾಲಿಗೆಗೆ ಒರಟಾದರೂ ಅರ್ಥದಲ್ಲಿ ನಿಖರವಾದ ಪದ. ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ತೊಡಕು ಹೆಚ್ಚುವುದು ನಮ್ಮ ದೇಶಕ್ಕೆ ಹೋಲಿಸಿದಾಗ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯಗಳು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 6ನೆಯ ನಮೂದು. ಬಂದರುಗಳಲ್ಲಿನ ಕ್ವಾರಂಟೈನ್ ಕೇಂದ್ರಪಟ್ಟಿಯಲ್ಲಿದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಂಕ್ರಾಮಿಕ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯ ನಮೂದು. ಇಲ್ಲಿ ಕೇಂದ್ರವು ರಾಜ್ಯಕ್ಕೆ ಏನನ್ನೂ ‘ಕೊಟ್ಟಿಲ್ಲ’. ಇಬ್ಬರಿಗೂ ಸಂವಿಧಾನವೇ ಪಾಲು ಮಾಡಿದೆ. ಆದ್ದರಿಂದ ಇದಕ್ಕೆ ‘ಅಧಿಕಾರ ಹಂಚಿಕೆ’ಯೇ ಸರಿ. ರಾಜ್ಯಕ್ಕೂ ಪಂಚಾಯಿತಿಗೂ ಇರುವ ಸಂಬಂಧ ಹಾಗಲ್ಲ. ಹನ್ನೊಂದನೆಯ ಅನುಸೂಚಿಯ 23ನೆಯ ಬಾಬಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೆಸರಿದ್ದರೂ, 243ಜಿ ವಿಧಿ ಹೇಳುವುದು ರಾಜ್ಯ ವಿಧಾನಮಂಡಲವು ಕಾನೂನಿನ ಮೂಲಕ ಅಧಿಕಾರ ‘ಕೊಡಬಹುದು’ ಎಂದಷ್ಟೇ. ಆ ‘ಬಹುದು’ ಒಂದರಲ್ಲಿಯೇ ಎಷ್ಟೋ ಜಿಲ್ಲಾ ಪಂಚಾಯಿತಿಗಳ ಅಳಲು ಅಡಗಿದೆ. ಬ್ರಿಟನ್ನಿನ ‘ಡಿವಲ್ಯೂಶನ್’ಗೆ ಹತ್ತಿರದ ಸಂಬಂಧವನ್ನು ನಾವು ಹುಡುಕಬೇಕಾದದ್ದು ಇಲ್ಲಿ, ಕೇಂದ್ರ–ರಾಜ್ಯಗಳ ನಡುವೆ ಅಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ‘ಅಧಿಕಾರ’ ಎಂಬ ಪದದ ಬಗ್ಗೆಯೇ ಒಂದು ಸಂಶಯ. ನಮ್ಮ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಫ್ರಿಜ್ಜು ಕೆಟ್ಟು, ಬಾಗಿಲಿಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಕೇಳಿದಾಗ ಅಲ್ಲಿನ ಸಿಬ್ಬಂದಿಯೊಬ್ಬರು, “ಲಸಿಕೆ ಪಕ್ಕದ ಕೇಂದ್ರಕ್ಕೆ ಕಳಿಸಿದೀವಿ ಸಾರ್. ರಿಪೇರಿ ಮಾಡಿಸೋ ಪವರ್ ನಮಗಿಲ್ಲ, ತಾಲೂಕಿಗೆ ಬರೆದಿದೀವಿ” ಎಂದರು. ಅವರು ‘ಅಧಿಕಾರ’ ಎನ್ನಲಿಲ್ಲ. ಮಾತಿನಲ್ಲಿ ‘ಅಧಿಕಾರ’ ಎಂದೊಡನೆ ಗದ್ದುಗೆ, ಗತ್ತು, ಚಲಾಯಿಸುವುದು ಇವೇ ನೆನಪಾಗುತ್ತವೆ. ಒಂದು ಬಿಲ್ಲಿಗೆ ಸಹಿ ಹಾಕಬಲ್ಲ ಸಣ್ಣ ಶಕ್ತಿಗೆ ಅದು ಭಾರವಾದ ಪದವೇನೋ.

‘ಡಿವಲ್ಯೂಶನ್’ಗೆ ನನಗೆ ಹೊಳೆದ ಪರ್ಯಾಯಗಳಲ್ಲಿ ‘ಅಧಿಕಾರ ಹಸ್ತಾಂತರ’ ಒಪ್ಪುವುದಿಲ್ಲ. ಅದು ಸರ್ಕಾರ ಬದಲಾದದ್ದನ್ನೋ 1947ನ್ನೋ ನೆನಪಿಸುತ್ತದೆ. ‘ಅಧಿಕಾರ ವರ್ಗಾವಣೆ’ ಎಂದರೆ ನೌಕರರ ವರ್ಗಾವಣೆಯ ವಾಸನೆ. ಮನೆವಾರ್ತೆಯ ಕನ್ನಡದಲ್ಲಿ ಈ ಭೇದಗಳು ಸ್ಪಷ್ಟವಾಗಿಯೇ ಇವೆ: ಅಣ್ಣತಮ್ಮಂದಿರಿಗೆ ಪಾಲು ಮಾಡುವುದು ಬೇರೆ, ಊರಿಗೆ ಹೋಗುವಾಗ ಬೀಗದ ಕೈ ಕೊಡುವುದು ಬೇರೆ, ತಂದೆ ಬದುಕಿದ್ದಂತೆಯೇ ಮಗನಿಗೆ ಯಜಮಾನಿಕೆ ವಹಿಸಿಕೊಡುವುದು ಬೇರೆ. ಮೂರನೆಯದರಿಂದ ‘ಅಧಿಕಾರ ವಹಿಕೆ’ ಎಂದು ಮಾಡಿಕೊಂಡಿದ್ದೇನೆ, ಆದರೆ ‘ವಹಿಸು’ ಎಂಬ ಕ್ರಿಯಾಪದವನ್ನು ಮೇಲೆ ‘ಡೆಲಿಗೇಶನ್’ ವಿವರಿಸುವಾಗ ನಾನೇ ಬಳಸಿಬಿಟ್ಟಿದ್ದೇನೆ, ಗಮನಿಸಿರಬಹುದು.

ಆದ್ದರಿಂದ ಬಲ್ಲವರಲ್ಲಿ ಎರಡು ಪ್ರಶ್ನೆಗಳು. ‘ವಹಿಕೆ’ಗೂ ‘ಪ್ರತ್ಯಾಯೋಜನೆ’ಗೂ ನಾನು ಹೇಳುತ್ತಿರುವ ಅಂತರ ಓದುಗರಿಗೆ ಅಡಿಟಿಪ್ಪಣಿಯಿಲ್ಲದೆ ದಾಟುತ್ತದೆಯೇ, ಅಥವಾ ಪಂಚಾಯತ್ ರಾಜ್ ಕಡತಗಳಲ್ಲಿ ಕೆಲಸ ಮಾಡಿದವರು ಬಳಸುವ ಬೇರೆ ಪದವಿದೆಯೇ? ಹಾಗೆಯೇ, ಸಹಿ ಹಾಕುವಷ್ಟರ ‘ಪವರ್’ಗೆ ನಿಮ್ಮ ಕಚೇರಿಯ ಕನ್ನಡದಲ್ಲಿ ಏನನ್ನುತ್ತೀರಿ?