ಅಪ್‌ಡೇಟ್: ಸೈಕಲ್ಲಿನ ಮುಂದಿನ ಚಕ್ರದ ರಿಮ್ ಬದಲಾಯಿಸಿದೆ

ಬ್ರೇಕ್ ಹಿಡಿದಾಗ ಸೈಕಲ್ಲಿನ ಮುಂದಿನ ಚಕ್ರ ತಡೆತಡೆದು ನಿಲ್ಲುತ್ತೆ, ರಿಮ್ ಸವೆದಿದೆಯಾ, ಇನ್ನೂ ಓಡಿಸಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮೊದಲು ಸವೆತದ ಗುರುತು ನೋಡಿದೆ. ಬ್ರೇಕ್ ಪ್ಯಾಡ್ ಉಜ್ಜುವ ಜಾಗದ ಸುತ್ತ ಇರೋ ಸಣ್ಣ ಗೀರು ಹಿಂದಿನ ಚಕ್ರದಲ್ಲಿ ಉಗುರಿಗೆ ಸಿಗುತ್ತೆ. ಮುಂದಿನದರಲ್ಲಿ ಪೂರ್ತಿ ಮಾಯ, ಅಂದರೆ ಗೀರು ಅಳಿಯುವಷ್ಟು ರಿಮ್ ಸವೆದಿದೆ. ಸ್ಟೀಲ್ ಸ್ಕೇಲ್ ಆನಿಸಿದರೆ ನಡುವೆ ಬೆಳಕು ತೂರುವಷ್ಟು ಗುಳಿ.

ಆಮೇಲೆ ಟೈರ್ ಬಿಚ್ಚಿ, ಪ್ಯಾಡ್ ಉಜ್ಜುವ ರಿಮ್ಮಿನ ಪಕ್ಕದ ಗೋಡೆಯ ದಪ್ಪ ಅಳೆದೆ. ರಿಮ್ಮಿನ ಅಂಚು ಸವೆಯದೆ ದಪ್ಪಗೇ ಉಳಿಯೋದರಿಂದ ದಪ್ಪ ಅಳೆಯೋ ಕ್ಯಾಲಿಪರ್ ನೇರವಾಗಿ ಹಿಡಿದರೆ ಅಳತೆ ತಪ್ಪುತ್ತೆ. ಎರಡೂ ಬದಿಗೆ ಹಳೇ ಸ್ಪೋಕ್ ತುಂಡು ಇಟ್ಟು ಅಳೆದು, ಅವುಗಳ ದಪ್ಪ ಕಳೆದೆ. ಉಳಿದಿದ್ದು 0.8 ಮಿ.ಮೀ. ಮಾತ್ರ! ಟ್ಯೂಬಿನ ಗಾಳಿ ಒಳಗಿನಿಂದ ಇದೇ ಗೋಡೆಯನ್ನು ಹೊರಕ್ಕೆ ದೂಡ್ತಾ ಇರುತ್ತೆ. ಇದರಲ್ಲೇ ನಂದಿ ಬೆಟ್ಟ ಇಳಿದಿದ್ದೀನಿ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ.

ಪ್ಯಾಡ್‌ಗಳಲ್ಲಿ ಮರಳು, ಅಲ್ಯೂಮಿನಿಯಂ ಚೂರು ಹೂತುಕೊಂಡಿದ್ದವು. ಮಳೆಗಾಲವಿಡೀ ಅವೇ ಅರದಂತೆ ಉಜ್ಜಿವೆ.

ಹಬ್ (ಚಕ್ರದ ನಡುವಿನ ಗುಂಭ) ಚೆನ್ನಾಗಿತ್ತು. ಅದೇ ಮಾದರಿಯ ರಿಮ್ ಸಿಕ್ಕಿದ್ದರಿಂದ ಮೆಕ್ಯಾನಿಕ್ ಹಳೆಯದರ ಪಕ್ಕಕ್ಕೆ ಅದನ್ನು ಟೇಪ್‌ನಿಂದ ಕಟ್ಟಿ, ಸ್ಪೋಕ್‌ಗಳನ್ನು ಒಂದೊಂದಾಗಿ ದಾಟಿಸಿದರು. ಪ್ಯಾಡೂ ಹೊಸದು. ಬ್ರೇಕ್ ಈಗ ಬೆಣ್ಣೆಯಷ್ಟು ನಯ. ಹಿಂದಿನ ರಿಮ್ಮನ್ನು ದೀಪಾವಳಿ ಹೊತ್ತಿಗೆ ಮತ್ತೆ ಅಳೀತೀನಿ.