ಸೈಕಲ್ ಓಡಿಸುವವರ ಕೈ ಕಾಪಾಡುವುದು ಹೇಗೆ: ಕಲಬುರಗಿ ಕಡೆಯವರ ಅನುಭವ

ಪ್ರಶ್ನೆ, ಜೇವರ್ಗಿ ಕಾಲೊನಿಯಿಂದ:

ದಿನಾ ಸೇಡಂ ರಸ್ತೆಯಲ್ಲಿ ಯೂನಿವರ್ಸಿಟಿ ಕಡೆಗೆ ಸೈಕಲ್ ಮೇಲೆ ಹೋಗುತ್ತೇನೆ. ಭಾನುವಾರ ಪುರಸೊತ್ತಿದ್ದರೆ ಕಮಲಾಪುರದವರೆಗೂ ಹೋಗುವುದುಂಟು. ನೇರ ಹ್ಯಾಂಡಲ್‌ನ ಗೇರ್ ಸೈಕಲ್. ಈಚೆಗೆ ಸ್ವಲ್ಪ ದೂರ ಹೋಗುವಷ್ಟರಲ್ಲೇ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತವೆ. ಅದರ ಮೇಲೆ ಮೊನ್ನೆ ಗೆಳೆಯರೊಬ್ಬರು ಖಡಿ (ಜಲ್ಲಿಕಲ್ಲು) ಮೇಲೆ ಜಾರಿ ಬಿದ್ದು ಅಂಗೈ ಪೂರ್ತಿ ಕಿತ್ತುಕೊಂಡರು. ಒಂದು ಜೊತೆ ಗ್ಲೌಸ್ ತಗೊಂಡರೆ ಎರಡಕ್ಕೂ ಸಾಕಾಗುತ್ತಾ? ಎಂಥದ್ದು ತಗೋಬೇಕು?

ಆಳಂದ ರಸ್ತೆಯಿಂದ:

ಗ್ಲೌಸ್ ಖಂಡಿತ ತಗೊಳ್ಳಿ. ಆದರೆ ಜೋಮಿಗೆ ಅದು ಮದ್ದಲ್ಲ. ಮೊದಲು ಸೀಟು ನೋಡಿ.

ಕಿರುಬೆರಳು ಮತ್ತು ಉಂಗುರ ಬೆರಳಿಗೆ ಹೋಗುವ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಎರಡು ಸಣ್ಣ ಮೂಳೆಗಳ ನಡುವೆ ಹಾದು ಹೋಗುತ್ತದೆ. ಅದರ ಹೆಸರು ಅಲ್ನಾರ್ ನರ. ಅಲ್ಲಿ ಅದಕ್ಕೆ ಮೇಲೆ ಹೆಚ್ಚು ಮಾಂಸದ ರಕ್ಷಣೆ ಇಲ್ಲ. ಹ್ಯಾಂಡಲ್ ಮೇಲೆ ಭಾರ ಬಿಟ್ಟು ಕೂತರೆ ನೇರ ಆ ಜಾಗಕ್ಕೇ ಒತ್ತು ಬೀಳುತ್ತದೆ. ನೀವು ಹೇಳಿದ ಎರಡು ಬೆರಳೇ ಜೋಮು ಹಿಡಿಯುತ್ತಿವೆ ಅಂದ ಮೇಲೆ ಅನುಮಾನ ಅಲ್ಲಿಗೇ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವವರದು ಬೇರೆ ನರ. ಅದು ಮಣಿಕಟ್ಟಿನ ನಡುವೆ ಹೋಗುತ್ತದೆ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮಡಚಿಕೊಂಡು ತುಂಬಾ ಹೊತ್ತು ಓಡಿಸುವವರಿಗೆ ಆ ತೊಂದರೆ ಬರುತ್ತದೆ.

ಈಗ ಸೀಟಿನ ವಿಷಯ. ಸೈಕಲ್ಲನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಒಂದು ಸ್ಕೇಲ್ ಇಡಿ. ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ಪೆಡಲ್ ತುಳಿದಷ್ಟೂ ಮೈ ಮುಂದಕ್ಕೆ ಜಾರುತ್ತದೆ. ಜಾರದ ಹಾಗೆ ತಡೆಯುವುದು ಯಾರು? ನಿಮ್ಮ ಎರಡು ಅಂಗೈ. ಗೊತ್ತೇ ಆಗದ ಹಾಗೆ ದಾರಿಯುದ್ದಕ್ಕೂ ಮೈಯನ್ನು ಹಿಂದಕ್ಕೆ ದೂಡುತ್ತಾ ಇರುತ್ತೀರಿ. ಸೀಟು ಸಮ ಮಾಡಿ. ಅದು ಸಾಮಾನ್ಯವಾಗಿ ಒಂದೆರಡು ಬೋಲ್ಟ್‌ನ ಕೆಲಸ, ಒಂದು ಅಲೆನ್ ಕೀ (ಆರು ಮೂಲೆಯ ಬಾಗಿದ ಕೀ) ಇದ್ದರೆ ಸಾಕು.

ಆಮೇಲೆ ಒಂದು ಪರೀಕ್ಷೆ ಮಾಡಿ. ಬೆಳಗಿನ ಹೊತ್ತು, ಬುದ್ಧ ವಿಹಾರದ ಆಚೆ ರಸ್ತೆ ಖಾಲಿ ಇರುವಾಗ, ನಿಧಾನಕ್ಕೆ ಓಡಿಸುತ್ತಾ ಹಿಡಿತ ಸಡಿಲ ಮಾಡಿ. ಕೈ ಪೂರ್ತಿ ಬಿಡಬೇಡಿ, ಗ್ರಿಪ್‌ಗೆ ಬೆರಳು ಸುಮ್ನೆ ತಾಗಿರಲಿ. ಮೈ ತಾನಾಗಿ ನಿಂತರೆ ಸರಿ. ಮುಂದಕ್ಕೆ ಬೀಳುವ ಹಾಗೆ ಆದರೆ ಹ್ಯಾಂಡಲ್ ತೀರಾ ಕೆಳಗಿದೆ ಅಥವಾ ತೀರಾ ದೂರ ಇದೆ ಅಂತ ಅರ್ಥ. ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ಲನ್ನು ಹಿಡಿದುಕೊಳ್ಳುವ ತುಂಡಾದ ಸ್ಟೆಮ್‌ನ ಕೆಳಗೋ ಮೇಲೋ ಬಳೆಯಂಥ ಸ್ಪೇಸರ್ ಇರುತ್ತವೆ. ಮೇಲಿದ್ದರೆ ಅವನ್ನು ಕೆಳಗೆ ಹಾಕಿಸಿ ಹ್ಯಾಂಡಲ್ ಎತ್ತಿಸಬಹುದು. ಹಳೇ ಮಾದರಿಯ ಸೈಕಲ್ ಆದರೆ ಸ್ಟೆಮ್ಮನ್ನೇ ಮೇಲಕ್ಕೆ ಎಳೆಯಬಹುದು. ಆದರೆ ಅದರ ಮೇಲೆ ಒಂದು ಗೆರೆ ಕೆತ್ತಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎಳೆಯಲೇಬಾರದು, ಓಡಿಸುವಾಗ ಹ್ಯಾಂಡಲ್ ಕಿತ್ತು ಬರುತ್ತದೆ.

ಬ್ರೇಕ್ ಲಿವರ್ ಎಷ್ಟು ಬಾಗಿದೆ ಅಂತಲೂ ನೋಡಿ. ಬ್ರೇಕ್ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳಿನ ತನಕ ಒಂದೇ ಗೆರೆ ಬರಬೇಕು. ಅಂಗಡಿಯಲ್ಲಿ ಜೋಡಿಸುವಾಗ ಲಿವರನ್ನು ನೆಲಕ್ಕೆ ಸಮವಾಗಿ ಇಟ್ಟು ಬಿಗಿದುಬಿಡುತ್ತಾರೆ. ಆಗ ಬ್ರೇಕ್ ಹಿಡಿದಾಗಲೆಲ್ಲ ಮಣಿಕಟ್ಟು ಮೇಲಕ್ಕೆ ಮಡಚುತ್ತದೆ. ಸ್ವಲ್ಪ ಕೆಳಗೆ ತಿರುಗಿಸಿದರೆ ಆಯಿತು.

ಗಾಳಿ ವಿಷಯದಲ್ಲಿ ನಮ್ಮ ಕಡೆ ಒಂದು ಅಭ್ಯಾಸ ಇದೆ. ಕಲ್ಲಿನ ಹಾಗೆ ಗಟ್ಟಿ ಆಗುವ ತನಕ ಪಂಪ್ ಹೊಡೆಯುತ್ತಾರೆ. ಟೈರಿನ ಪಕ್ಕದಲ್ಲಿ ಎಷ್ಟರಿಂದ ಎಷ್ಟು ಅಂತ ಬರೆದಿರುತ್ತದೆ, ಅದರ ನಡುವೆ ಇಡಿ. ಸಿಮೆಂಟ್ ಲಾರಿ, ಫರ್ಸಿ (ನೆಲಹಾಸು ಕಲ್ಲು) ಲಾರಿ ಓಡಾಡಿ ಸೇಡಂ ರಸ್ತೆ ಅಲ್ಲಲ್ಲಿ ಹೇಗಾಗಿದೆ ನಿಮಗೇ ಗೊತ್ತು. ಆ ನಡುಕ ಎಲ್ಲಾ ಟೈರ್ ತಿನ್ನದಿದ್ದರೆ ಅಂಗೈಯೇ ತಿನ್ನಬೇಕು. ಮೊಣಕೈ ಸ್ವಲ್ಪ ಮಡಚಿ ಇಡಿ. ಆಗಾಗ ಕೈಯ ಜಾಗ ಬದಲಿಸಿ. ನೇರ ಹ್ಯಾಂಡಲ್‌ನಲ್ಲಿ ಹಿಡಿಯಲು ಒಂದೇ ಜಾಗ ಇರುವುದರಿಂದ ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ದೂರದ ದಾರಿಯಲ್ಲಿ ಬಹಳ ಆರಾಮ. ಅಂಗೈ ಬುಡಕ್ಕೆ ಅಗಲ ಇರುವ ಗ್ರಿಪ್ಪುಗಳೂ ಸಿಗುತ್ತವೆ. ನನಗೆ ಗ್ಲೌಸ್‌ಗಿಂತ ಹೆಚ್ಚು ಉಪಕಾರ ಆಗಿದ್ದು ಅವುಗಳಿಂದ.

ಇಷ್ಟಾದ ಮೇಲೂ ಸೈಕಲ್ ಇಳಿದು ದಿನ ಕಳೆದರೂ ಜೋಮು ಹೋಗದಿದ್ದರೆ, ಅಂಗಿ ಗುಂಡಿ ಹಾಕುವುದು, ಬೀಗ ತಿರುಗಿಸುವುದು ಕಷ್ಟ ಆಗುತ್ತಿದ್ದರೆ, ಬೆರಳು ಅಗಲಿಸಲು ಬಲ ಸಾಲದಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಸೈಕಲ್ ನಿಲ್ಲಿಸಿ. ನರದ ಮೇಲಿನ ಒತ್ತು ಬೇಗ ತೆಗೆದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ.

ಶಹಾಬಾದಿನಿಂದ:

ಬೀಳುವ ವಿಷಯ ನಾನು ಹೇಳುತ್ತೇನೆ. ಗ್ಲೌಸ್ ಉಳಿಸುವುದು ಚರ್ಮವನ್ನು, ಮೂಳೆಯನ್ನಲ್ಲ. ಇದು ಮನಸ್ಸಿನಲ್ಲಿರಲಿ.

ಚರ್ಮ ಉಳಿಯುವುದೇನು ಸಣ್ಣ ಮಾತಲ್ಲ. ಅಂಗೈಗೆ ಖಡಿ ಹೊಕ್ಕರೆ ಊಟ ಮಾಡಲಿಕ್ಕಾಗುವುದಿಲ್ಲ, ಸ್ನಾನಕ್ಕೆ ತಂಬಿಗೆ ಎತ್ತಲಿಕ್ಕಾಗುವುದಿಲ್ಲ. ಅಂಗೈ ಕಡೆ ಗಟ್ಟಿ ಚರ್ಮ ಅಥವಾ ದಪ್ಪ ಬಟ್ಟೆ ಇರುವ ಗ್ಲೌಸ್ ತಗೊಳ್ಳಿ. ತೆಳು ಜಾಳಿಗೆಯದ್ದು ಒಂದೇ ಸಲ ರಸ್ತೆಗೆ ಉಜ್ಜಿದರೆ ಹರಿದು ಹೋಗುತ್ತದೆ. ಬೆರಳ ತುದಿಗೂ ರಕ್ಷಣೆ ಬೇಕು ಅಂದರೆ ಪೂರ್ತಿ ಬೆರಳಿನದ್ದೇ ಆಗಬೇಕು.

ಆದರೆ ಬೀಳುವಾಗ ಎಲ್ಲರೂ ಕೈ ಮುಂದೆ ಚಾಚುತ್ತಾರೆ, ಅದು ತಾನಾಗಿ ಆಗುವುದು. ಇಡೀ ಮೈಭಾರ ಮಣಿಕಟ್ಟಿಗೆ ಬರುತ್ತದೆ. ನಮ್ಮ ಅಣ್ಣನ ಮಗ ರಿಂಗ್ ರೋಡಿನಲ್ಲಿ ಹಾಗೇ ಬಿದ್ದ. ಕೈ ಅಷ್ಟೇನೂ ಬಾತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ಚೀರುತ್ತಿದ್ದ. ಡಾಕ್ಟರು ಅದನ್ನು ನೋಡಿಯೇ ಪಟ್ಟಿ ಹಾಕಿ, ಎರಡು ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಿದರು. ಆಗ ಬಿರುಕು ಕಂಡಿತು. ಅಲ್ಲಿರುವ ಮೂಳೆಯ ಹೆಸರು ಸ್ಕೇಫಾಯ್ಡ್. ಅದಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಕೂಡಿಕೊಳ್ಳುವುದು ನಿಧಾನ. ಉಳುಕು ಅಂತ ತಿಳಿದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಿದ್ದರೆ ಮೂಳೆ ಕೂಡದೆ ಉಳಿದು, ಮುಂದೆ ಮಣಿಕಟ್ಟು ಸವೆಯುತ್ತದೆ. ಬಿದ್ದ ಮೇಲೆ ಆ ಗುಳಿಯಲ್ಲಿ ನೋವಿದ್ದರೆ, ಮೊದಲ ಎಕ್ಸ್‌ರೇ ಸರಿ ಇದೆ ಅಂದರೂ, ಎರಡನೇ ಸಲ ತೋರಿಸದೆ ಬಿಡಬೇಡಿ.

ನಮ್ಮ ಕಡೆ ಜಾರುವುದು ಎಲ್ಲೆಲ್ಲಿ? ತಿರುವಿನಲ್ಲಿ ಚೆಲ್ಲಿದ ಖಡಿ, ಮುರುಮ್. ತೊಗರಿ ರಾಶಿ ಕಾಲದಲ್ಲಿ ಊರ ಹತ್ತಿರದ ರಸ್ತೆ ಮೇಲೆ ಹರವಿದ ಬೆಳೆ, ಉದುರಿದ ಕಾಳು, ಹೊಟ್ಟು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆಮಣ್ಣು. ಅದು ಒದ್ದೆಯಾದರೆ ಸಾಬೂನೇ. ಇವು ಕಂಡರೆ ಬ್ರೇಕನ್ನು ಮೊದಲೇ ಹಿಡಿದು ವೇಗ ಇಳಿಸಿ. ಅದರ ಮೇಲೆ ಹೋಗುವಾಗ ಹ್ಯಾಂಡಲ್ ನೇರ ಇರಲಿ, ಮುಂದಿನ ಬ್ರೇಕ್ ಮುಟ್ಟಬೇಡಿ.

ಅಂಗೈ ಕಿತ್ತರೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ಉರಿಯುತ್ತದೆ, ಆದರೂ ಮಣ್ಣಿನ ಕಣ ಉಳಿಯಬಾರದು. ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯಿತು ನೆನಪಿಲ್ಲದಿದ್ದರೆ ಅವತ್ತೇ ಹಾಕಿಸಿಕೊಳ್ಳಿ. ಮತ್ತೆ, ಬಿದ್ದ ಕೂಡಲೇ ಉಂಗುರ, ಕಡಗ ತೆಗೆಯಿರಿ. ಕೈ ಬಾತ ಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ. ಸೈಕಲ್ ಹತ್ತುವಾಗಲೇ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಸೂಪರ್ ಮಾರ್ಕೆಟ್ ಕಡೆಯಿಂದ, ಸೈಕಲ್ ರಿಪೇರಿ ಮಾಡುವವರು:

ಎಲ್ಲರೂ ಓಡಿಸುವಾಗಿನ ಮಾತೇ ಹೇಳಿದಿರಿ. ನಾನು ನೋಡುವ ಗಾಯಗಳು ನಿಂತ ಸೈಕಲ್ಲಿನವು. ಸೈಕಲ್ ತಲೆಕೆಳಗೆ ನಿಲ್ಲಿಸಿ, ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಚೈನು ಒರೆಸುತ್ತಾರೆ. ಬಟ್ಟೆ ಹಲ್ಲಿಗೆ ಸಿಕ್ಕರೆ ಬೆರಳೂ ಒಳಗೆ ಹೋಗುತ್ತದೆ. ಒರೆಸುವುದಾದರೆ ಚೈನಿನ ಕೆಳಗಿನ ಸಾಲಿನಲ್ಲಿ (ಸೈಕಲ್ ನೆಟ್ಟಗಿದ್ದಾಗ ಕೆಳಗೆ ಬರುವ ಸಾಲು), ಹಲ್ಲುಚಕ್ರದಿಂದ ದೂರ ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸಿ. ಹತ್ತಿರದಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಕೆಲಸಕ್ಕೇ ಕೈ ಹಾಕಬೇಡಿ, ಮಕ್ಕಳು ತಿರುಗುವ ಗಾಲಿಯೊಳಗೆ ಬೆರಳು ಇಟ್ಟೇ ಇಡುತ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಹುಷಾರು. ತಿರುಗುವ ಡಿಸ್ಕಿನ ತೂತಿಗೆ ಬೆರಳು ಸಿಕ್ಕರೆ ತುದಿ ತುಂಡಾಗುತ್ತದೆ.

ಹಾಗೇನಾದರೂ ಬೆರಳು ತುಂಡಾದರೆ, ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಡಬ್ಬಿಯಲ್ಲಿ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು.

ಇನ್ನೊಂದು, ಹ್ಯಾಂಡಲ್ ತುದಿಯ ಬಿರಡೆ. ಬಿದ್ದು ಹೋದರೆ ಯಾರೂ ಮತ್ತೆ ಹಾಕಿಸುವುದಿಲ್ಲ. ಬರೀ ಕೊಳವೆ ಬೀಳುವಾಗ ಕೈಗೆ, ಹೊಟ್ಟೆಗೆ ಚುಚ್ಚುತ್ತದೆ. ಗ್ರಿಪ್ ತಿರುಗುತ್ತಿದ್ದರೂ ಅಷ್ಟೇ ಅಪಾಯ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಮೆತ್ತಗಾಗಿ ಅಂಟಂಟಾಗುತ್ತದೆ. ಅಂಥದ್ದನ್ನು ಬದಲಿಸಿ. ಸ್ಕ್ರೂ ಬಿಗಿಯುವ ಗ್ರಿಪ್ ತಿರುಗುವುದಿಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಬ್ರೇಕ್ ಲಿವರ್ ಮುಟ್ಟಿ ನೋಡಿ, ಬೆರಳು ಚುರ್ ಅನ್ನುತ್ತದೆ. ನೆರಳಿಲ್ಲದ ಕಡೆ ಹ್ಯಾಂಡಲ್ ಮೇಲೆ ಟವೆಲ್ ಹಾಕಿಡಿ.

ಬೀದರಿನಿಂದ:

ನಮ್ಮಲ್ಲಿ ಡಿಸೆಂಬರ್, ಜನವರಿ ಬೆಳಿಗ್ಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ತಡ ಆಗುತ್ತದೆ. ಆ ಎರಡು ತಿಂಗಳು ಪೂರ್ತಿ ಬೆರಳಿನ ಗ್ಲೌಸ್, ಉಳಿದ ಕಾಲಕ್ಕೆ ಅರ್ಧ ಬೆರಳಿನದ್ದು. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಒಗೆಯಿರಿ. ಬೆವರಿನ ಉಪ್ಪು ಕೂತು ಅಂಗೈ ಭಾಗ ಗಟ್ಟಿಯಾದರೆ ಬೊಬ್ಬೆ ಬರುವುದು ಗ್ಲೌಸಿನಿಂದಲೇ.

ಪ್ರಶ್ನೆ ಕೇಳಿದವರು:

ಸೀಟಿನ ಮೂತಿ ನಿಜಕ್ಕೂ ಕೆಳಗೆ ಬಾಗಿತ್ತು. ಸಮ ಮಾಡಿದ ಮೇಲೆ ಅಂಗೈ ಹಗುರ ಅನಿಸುತ್ತಿದೆ, ಜೋಮು ಪೂರ್ತಿ ಹೋಗಿಲ್ಲ. ಹ್ಯಾಂಡಲ್ ಎತ್ತಿಸಲು ಇವತ್ತು ಸಂಜೆ ಹೋಗುತ್ತೇನೆ. ಗ್ಲೌಸ್ ಜೆಲ್ ಇರುವುದು ತಗೊಳ್ಳಲಾ?

ಆಳಂದ ರಸ್ತೆಯಿಂದ:

ಜೆಲ್ ಇರಲಿ, ತೆಳುವಾಗಿರಲಿ. ದಪ್ಪ ಜೆಲ್ ಇದ್ದರೆ ಗ್ರಿಪ್ ಕೈಗೆ ದಪ್ಪ ಅನಿಸಿ ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ, ತಪ್ಪು ಜಾಗದಲ್ಲಿ ಉಬ್ಬಿದ್ದರೆ ಆ ನರಕ್ಕೇ ಒತ್ತುತ್ತದೆ. ಕಿರುಬೆರಳಿನ ಬುಡದ ಕಡೆ ಮೆತ್ತೆ ಎರಡು ಭಾಗ ಆಗಿ ನಡುವೆ ಸಣ್ಣ ಸಂದು ಬಿಟ್ಟಿರುವುದು ಸಿಕ್ಕರೆ ಅದನ್ನೇ ಆರಿಸಿ. ಸೈಜಿಗೆ ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪ್ ಹಿಡಿದು ಅಳೆಯಿರಿ. ಅಂಗಡಿಗೆ ಸೈಕಲ್ ತಗೊಂಡೇ ಹೋಗಿ, ಹಾಕಿಕೊಂಡು ಹ್ಯಾಂಡಲ್ ಹಿಡಿದು ಬ್ರೇಕ್ ಒತ್ತಿ ನೋಡಿ. ಅಂಗೈಯಲ್ಲಿ ಬಟ್ಟೆ ಮಡಿಕೆ ಬಿದ್ದರೆ ಸೈಜ್ ದೊಡ್ಡದು, ಹೆಬ್ಬೆರಳಿನ ಸಂದು ಎಳೆದರೆ ಚಿಕ್ಕದು.